ನಾಚಿಕೆಗೆ ಇನ್ನೊಂದು ಮಾತು

ಆ ಕಾಗದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ನಮ್ಮ ಶಾಲೆಯಲ್ಲಿ ನನ್ನನ್ನೇ ಆರಿಸಿದ್ದು ನನ್ನ ಕನ್ನಡವನ್ನು ನೋಡಿಯೋ, ನನ್ನ ಗಾತ್ರವನ್ನು ನೋಡಿಯೋ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆ ಹುಡುಗಿ ಪಾಪ ತಬ್ಬಿಬ್ಬಾಗುತ್ತಿದ್ದಳು. ಬೆಂಗಳೂರಿನಿಂದ ಬಂದಿದ್ದ ಮಕ್ಕಳ ಡಾಕ್ಟರು ಆಕೆ, ಏನೋ ಸಂಶೋಧನೆ ಮಾಡುತ್ತಿದ್ದಳು. ಜೋರಾಗಿ ಗಾಳಿ ಬಂದರೆ ನಾವೇ ಹಿಡಿದುಕೊಳ್ಳಬೇಕು ಅನ್ನುವಂಥ ಮೈಕಟ್ಟು. ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂತು, ಮಾತಿನ ಮಧ್ಯೆ ಎಲ್ಲೂ ‘ದಪ್ಪ’ ಅನ್ನುವ ಪದ ನುಸುಳದಂತೆ ಬಲು ಜೋಪಾನವಾಗಿ ವಿಷಯ ಹೇಳಿದಳು.

“ತೂಕ ಜಾಸ್ತಿ ಇರೋ ಮಕ್ಕಳನ್ನ ಬೇರೆಯವರು ಎಷ್ಟು ಆಡ್ಕೋತಾರೆ ಅಂತ ಅಳೆಯೋದಲ್ಲ ಮೇಡಂ. ಆಡಿಕೊಂಡಿದ್ದನ್ನ ಆ ಮಕ್ಕಳು ನಿಜ ಅಂತ ನಂಬಿ, ತಮ್ಮನ್ನ ತಾವೇ ಕೀಳಾಗಿ ನೋಡೋಕೆ ಶುರು ಮಾಡಿರ್ತಾರಲ್ಲ, ಅದನ್ನ ಅಳೀಬೇಕು. ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ. ಈ ಕಡೆಯ ಮಕ್ಕಳಿಗೆ ಅರ್ಥ ಆಗೋ ಕನ್ನಡ ಬೇಕು.”

ಕಾಗದದ ಮೇಲೆ ಒಂದರ ಕೆಳಗೊಂದು ವಾಕ್ಯಗಳಿದ್ದವು. ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತೇನೆ ಎಂದು ಒಂದು. ಹಸಿವಿದ್ದರೂ ನಾಲ್ಕು ಜನರ ಮುಂದೆ ಸಾಕು ಅನ್ನುತ್ತೇನೆ ಎಂದು ಇನ್ನೊಂದು. ಪ್ರತಿಯೊಂದರ ಮುಂದೆಯೂ ‘ಖಂಡಿತ ಇಲ್ಲ’ದಿಂದ ‘ಖಂಡಿತ ಹೌದು’ವರೆಗೆ ಗುರುತು ಹಾಕಲು ಜಾಗ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಓದುತ್ತ ಓದುತ್ತ ಸೆರಗನ್ನು ಹೊಟ್ಟೆಯ ಮೇಲೆ ಸರಿಮಾಡಿಕೊಂಡೆ. ನಲವತ್ತು ದಾಟಿದ ಹೆಂಗಸು ನಾನು. ಗದರಿದರೆ ಇಡೀ ಕಾರಿಡಾರು ಸುಮ್ಮನಾಗುತ್ತದೆ. ಆದರೂ ಅಲ್ಲಿದ್ದ ವಾಕ್ಯಗಳಲ್ಲಿ ‘ಖಂಡಿತ ಇಲ್ಲ’ ಎಂದು ಧೈರ್ಯವಾಗಿ ಹೇಳಬಹುದಾದ್ದು ನನಗೆ ಒಂದೂ ಸಿಗಲಿಲ್ಲ.

ನನ್ನದು ಬಿಡಿ, ಅದು ಹಳೆಯ ಕಾಯಿಲೆ. ಆ ಕಾಗದ ಹಿಡಿದಾಗ ನನಗೆ ನೆನಪಾದದ್ದು ಮಗಳು. ಅವಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ನನ್ನ ಮೈಯೇ ಅವಳಿಗೂ ಬಂದಿದೆ, ಅದೇ ದುಂಡು ಭುಜ, ಅದೇ ಅಗಲ ಬೆನ್ನು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ಯಾರಾದರೂ ಅಂದರೆ ಬೇರೆ ತಾಯಂದಿರು ಹಿಗ್ಗುತ್ತಾರೆ, ನನಗೆ ಬೈದ ಹಾಗಾಗುತ್ತದೆ. ಮೈ ಬಂದದ್ದಕ್ಕೆ ಯಾರೇನು ಮಾಡಲಾದೀತು? ಆದರೆ ಆ ಮೈಯೊಳಗೆ ಕೂತು ನಾನು ಪಡುವ ಪಾಡೂ ಅವಳಿಗೆ ಅಂಟಿದೆಯೋ ಇಲ್ಲವೋ, ಅದು ನನಗೆ ಗೊತ್ತಾಗಬೇಕಿತ್ತು. ಅಂಟಿರಬಾರದು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅಂಟಿದ್ದರೆ ಯಾರಿಂದ ಎಂದು ಯೋಚಿಸುವ ಧೈರ್ಯ ಇರಲಿಲ್ಲ.

ನಾನು ಹುಟ್ಟಿದ್ದು ಬೇತಮಂಗಲದ ಹತ್ತಿರದ ಒಂದು ಹಳ್ಳಿಯಲ್ಲಿ, ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆಯಲ್ಲಿ. ಅಲ್ಲಿ ದಪ್ಪ ಅನ್ನುವುದು ಬೈಗುಳವಾಗಿರಲಿಲ್ಲ. ಹಸುವಾಗಲಿ ಹುಡುಗಿಯಾಗಲಿ ಮೈ ತುಂಬಿಕೊಂಡಿದ್ದರೆ ಮನೆಗೆ ಲಕ್ಷಣ. ನಮ್ಮ ಕಡೆ ಕನ್ನಡದೊಳಗೆ ತೆಲುಗು ಧಾರಾಳವಾಗಿ ಬೆರೆತಿರುತ್ತದೆ. ನೆಂಟರು ಬಂದರೆ ನನ್ನ ಕೆನ್ನೆ ಹಿಂಡಿ “ಎಷ್ಟು ಬೊದ್ದುಗವ್ಳೆ”, ಎಷ್ಟು ದುಂಡಗಿದ್ದಾಳೆ, ಅನ್ನುತ್ತಿದ್ದರು. ಅವರು ಅತ್ತ ಹೋದದ್ದೇ ತಡ, ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆಯುತ್ತಿದ್ದಳು. ಕಂಡವರ ಕಣ್ಣು ಬೀಳುವಷ್ಟು ಚೆನ್ನಾಗಿದ್ದೇನೆ ಎಂದು ನಂಬಿಕೊಂಡೇ ಬೆಳೆದೆ. ಹೈಸ್ಕೂಲಿಗೆ ಕೆಜಿಎಫ್‌ಗೆ ಸೇರಿದ ಮೇಲೆ ಆ ನಂಬಿಕೆ ಹೋಯಿತು. ನಂದಿದುರ್ಗ ಅನ್ನುವ ಚಿನ್ನದ ಗಣಿಯ ಕಾರ್ಮಿಕರ ಲೈನುಗಳಿಂದ ಬರುತ್ತಿದ್ದ ಹುಡುಗರು ನನ್ನನ್ನು ಕಂಡು ತಮಿಳಿನಲ್ಲಿ ‘ಗುಂಡು’ ಅಂದರು. ಅದನ್ನೂ ನಾನು ಹೊಗಳಿಕೆ ಎಂದೇ ತಿಳಿದು ಹಲ್ಲು ಕಿರಿದೆ. ಅವರು ಇನ್ನೂ ಜೋರಾಗಿ ನಕ್ಕರು. ಆ ನಗುವಿನ ಅರ್ಥ ತಿಳಿದ ಮೇಲೆ ಮನೆಯವರ ಹೊಗಳಿಕೆಯೂ ನನಗೆ ಸುಳ್ಳೆನಿಸತೊಡಗಿತು.

ಈಗ ನಾವಿರುವುದು ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಜಂಕ್ಷನ್ನಿನಲ್ಲಿ ಇಡೀ ಊರು ಬೆಂಗಳೂರಿನ ರೈಲಿಗೆ ನುಗ್ಗುತ್ತದೆ, ನನ್ನ ಗಂಡನೂ ಅದರೊಳಗೊಬ್ಬ. ನಾವು ತಾಯಿ ಮಗಳು ಮಾತ್ರ ಎದುರು ದಿಕ್ಕಿನ ಖಾಲಿ ರೈಲು ಹತ್ತಿ ಕೆಜಿಎಫ್‌ಗೆ ಹೋಗುತ್ತೇವೆ. ನಿಜ ಹೇಳಬೇಕೆಂದರೆ ಈ ನೌಕರಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಆ ಖಾಲಿ ಬೋಗಿಯೇ. ‘ಸ್ವಲ್ಪ ಸರೀತೀರಾ’ ಎಂದು ಯಾರನ್ನೂ ಕೇಳಬೇಕಾಗಿಲ್ಲ, ನಾನು ಕೂತರೆ ಪಕ್ಕದವರು ಉಸಿರೆಳೆದು ಮೈ ಚಿಕ್ಕದು ಮಾಡಿಕೊಳ್ಳುವುದನ್ನು ನೋಡಬೇಕಾಗಿಲ್ಲ. ಮಗಳು ಎದುರಿನ ಸೀಟಿನಲ್ಲಿ ಕಾಲು ಚಾಚಿ ಕೂರುತ್ತಾಳೆ. ಆಗ ಅವಳನ್ನು ನೋಡಿದರೆ ಇವಳಿಗೇನೂ ಆಗಿಲ್ಲ, ಇವಳು ಪಾರಾದಳು ಅನ್ನಿಸುತ್ತಿತ್ತು.

ಭಾಷೆ ಮಕ್ಕಳಿಗೆ ಅರ್ಥವಾಗುತ್ತದೋ ಇಲ್ಲವೋ ನೋಡಲು ಮೊದಲ ಸುತ್ತಿನಲ್ಲಿ ಎಂಟನೇ ತರಗತಿಯ ಅಷ್ಟೂ ಮಕ್ಕಳಿಗೆ ಓದೋಣ ಎಂದಳು ಡಾಕ್ಟರಮ್ಮ. ಸಪೂರದವರು, ದಪ್ಪಗಿದ್ದವರು, ಎಲ್ಲರೂ ಕೂತರು. ನಾನು ಬರೆದ ವಾಕ್ಯಗಳಲ್ಲಿ ಮುಖ್ಯವಾದದ್ದು ‘ನನ್ನ ಮೈಯ ತೂಕ ನೆನೆದರೆ ನನಗೆ ನಾಚಿಕೆಯಾಗುತ್ತದೆ’ ಅನ್ನುವುದು. ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಕನ್ನಡ ಎಂ.ಎ. ಮಾಡಿದವಳು ಬೇರೆ.

ಮಕ್ಕಳು ಗುರುತು ಹಾಕಿ ಕೊಟ್ಟರು. ನೋಡಿದರೆ ಹುಡುಗಿಯರೆಲ್ಲ, ಕಡ್ಡಿಯ ಹಾಗಿದ್ದವರೂ ಸೇರಿ, ‘ಖಂಡಿತ ಹೌದು’. ಹುಡುಗರೆಲ್ಲ, ಬೆಂಚಿನಲ್ಲಿ ಇಬ್ಬರ ಜಾಗ ಹಿಡಿಯುವವನೂ ಸೇರಿ, ‘ಖಂಡಿತ ಇಲ್ಲ’. ಡಾಕ್ಟರಮ್ಮ ಕಕ್ಕಾಬಿಕ್ಕಿಯಾದಳು. ಮುಂದಿನ ಬೆಂಚಿನಲ್ಲಿದ್ದ ಒಬ್ಬ ಸಣಕಲು ಹುಡುಗಿಯನ್ನು ನಾನು ಎಬ್ಬಿಸಿ ಕೇಳಿದೆ.

“ನಿನಗೆ ಯಾಕೇ ನಾಚಿಕೆ? ನಿನ್ನ ಮೈಮೇಲೆ ಮಾಂಸ ಎಲ್ಲಿದೆ?”

“ಎಣ್ಮಕ್ಳಿಗೆ ನಾಚ್ಕೆ ಇರ್ಬೇಕಲ್ವಾ ಮಿಸ್?” ಎಂದಳು ಅವಳು. “ನಾಚ್ಕೆ ಇಲ್ಲ ಅಂತ ಬರ್ದುಕೊಟ್ರೆ ನಮ್ಮಮ್ಮ ಸುಮ್ಕೆ ಬುಟ್ಟಾಳಾ?”

ಇಬ್ಬರ ಜಾಗದ ಹುಡುಗನನ್ನು ಕೇಳಿದರೆ ಅವನಿಗೆ ಸಿಟ್ಟೇ ಬಂತು. “ನಾಚ್ಕೊಳ್ಳೋದೆಲ್ಲ ಎಣ್ಮಕ್ಳು ಮಿಸ್. ನಾನ್ಯಾಕೆ ನಾಚ್ಕೊಳ್ಳಿ?”

ತರಗತಿಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಆದರೆ ಆ ಸಣಕಲು ಹುಡುಗಿ ಹೇಳಿದ್ದು ಸರಿಯಾಗಿತ್ತು. ನಮ್ಮ ಮಾತಿನಲ್ಲಿ ನಾಚಿಕೆ ಹೆಣ್ಣಿಗೆ ಹಾಕುವ ಒಡವೆ. ಇದ್ದರೆ ಒಳ್ಳೆಯವಳು, ಇಲ್ಲದಿದ್ದರೆ ನಾಚಿಕೆಗೆಟ್ಟವಳು. ಮದುವಣಗಿತ್ತಿ ತಲೆ ತಗ್ಗಿಸುವುದಕ್ಕೂ, ಬ್ಲೌಸು ಹೊಲಿಯುವವನು ಅಳತೆಯನ್ನು ಅಂಗಡಿಗೆಲ್ಲ ಕೇಳುವಂತೆ ಕೂಗಿದಾಗ ಒಬ್ಬ ಹೆಂಗಸು ತಲೆ ತಗ್ಗಿಸುವುದಕ್ಕೂ ನಾವು ಒಂದೇ ಹೆಸರಿಟ್ಟು ಕೂತಿದ್ದೇವೆ. ಇಷ್ಟು ವರ್ಷ ಕನ್ನಡ ಕಲಿಸಿದ ನನಗೆ ಇದು ಅಂದಿನವರೆಗೂ ಹೊಳೆದಿರಲಿಲ್ಲ.

ಅಲ್ಲಿಂದ ಪದದ ಬೇಟೆ ಶುರುವಾಯಿತು. ‘ಅವಮಾನ’ ಬೇರೆಯವರು ಮಾಡುವಂಥದ್ದು, ನಮಗೆ ಬೇಕಾದದ್ದು ಒಳಗಿನದು. ಡಾಕ್ಟರಮ್ಮ ‘ಮುಜುಗರ’ ಎಂದಳು. ಮಕ್ಕಳನ್ನು ಕೇಳಿದರೆ ಅದು ನೆಂಟರ ಮನೆಯಲ್ಲಿ ಬಾತ್‌ರೂಮ್ ಎಲ್ಲಿ ಎಂದು ಕೇಳುವಾಗ ಆಗುವುದು ಎಂದರು. ‘ಹೇಸಿಗೆ’ ಅಂದರೆ ಮೂಗು ಮುಚ್ಚಿಕೊಂಡರು. ‘ಸಿಗ್ಗು’ ನಮ್ಮ ಸೀಮೆಯ ಮಾತು ಹೌದು, ಆದರೆ ಅದು ನಾಚಿಕೆಯ ಒಡಹುಟ್ಟು, ಅದೇ ತಕರಾರು. ಗಣಿ ಲೈನಿನ ಮಕ್ಕಳು ‘ಅಸಿಂಗ’ ಎಂದು ಒಂದು ತಮಿಳು ಮಾತು ಕೊಟ್ಟರು, ಮಾನ ಹೋದ ಹಾಗಾಗುವುದು ಎಂದು ಅರ್ಥ, ಚೆನ್ನಾಗಿತ್ತು, ಆದರೆ ಫ್ಯಾಕ್ಟರಿ ಕ್ವಾರ್ಟರ್ಸಿನಿಂದ ಬರುವ ಧಾರವಾಡದ ಕಡೆಯ ಹುಡುಗ ಅದನ್ನು ಕೇಳಿಯೇ ಇರಲಿಲ್ಲ. ನಮ್ಮ ಒಂದೊಂದು ತರಗತಿಯಲ್ಲೂ ಮೂರು ಭಾಷೆ ಎಂದು ರಾಜ್ಯೋತ್ಸವದ ಭಾಷಣದಲ್ಲಿ ನಾನೇ ಎದೆ ತಟ್ಟಿಕೊಳ್ಳುತ್ತೇನೆ. ಮಗುವಿನ ಸಂಕಟಕ್ಕೆ ಒಂದು ಪದ ಕೊಡಿ ಅಂದಾಗ ಮೂರೂ ಕೈಕೊಟ್ಟವು.

ಆ ಭಾನುವಾರ ಮನೆಯಲ್ಲಿ ಮಗಳೂ ನಾನೂ ಅವರೆಕಾಳು ಹಿದುಕುತ್ತ ಕೂತಿದ್ದೆವು. ರಾತ್ರಿಯೇ ನೆನೆಹಾಕಿದ್ದ ಒಣ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಸಕ್ಕನೆ ಪಾತ್ರೆಗೆ ಹಾರುತ್ತದೆ. ಆ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟಿದೆ. ನಿಘಂಟಿಗೆ ಕೇಳುವವಳ ಹಾಗೆ ನಾನು ಕೇಳಿದೆ.

“ನಾಲ್ಕು ಜನರ ಮುಂದೆ ತನ್ನ ಮೈ ಬಗ್ಗೆ ತನಗೇ ಕೆಟ್ಟದಾಗಿ ಅನ್ಸುತ್ತಲ್ಲ, ಅದಕ್ಕೆ ನಿಮ್ಮ ವಯಸ್ಸಿನೋರು ಏನಂತೀರ?”

ಅವಳು ತಲೆ ಎತ್ತಲಿಲ್ಲ. ಕೈಯೂ ನಿಲ್ಲಲಿಲ್ಲ.

“ಅದಕ್ಕೆ ಎಸ್ರಿಲ್ಲಮ್ಮ. ಮುದುರ್ಕೋಬೇಕು ಅನ್ಸುತ್ತೆ, ಅಷ್ಟೆ. ಬಟ್ಟೇನ ಮುದುರಿ ಮೂಲೇಗ್ ಆಕ್ತೀವಲ್ಲ, ಅಂಗೆ.”

ನಾನು ಹಿಗ್ಗಿಹೋದೆ. ನಾಮಪದ ಹುಡುಕುತ್ತಿದ್ದವಳಿಗೆ ಕ್ರಿಯಾಪದ ಸಿಕ್ಕಿತ್ತು. ‘ನನ್ನ ಮೈಯನ್ನು ಮುದುರಿಕೊಳ್ಳಬೇಕು ಅನ್ನಿಸುತ್ತದೆ.’ ಇದು ಹೆಣ್ಣಿಗೂ ಆದೀತು, ಗಂಡಿಗೂ ಆದೀತು. ಧಾರವಾಡದವನಿಗೂ ತಿಳಿಯುತ್ತದೆ, ಬೇತಮಂಗಲದವಳಿಗೂ ತಿಳಿಯುತ್ತದೆ. “ಎಷ್ಟು ಚೆನ್ನಾಗಿ ಹೇಳಿದ್ಯೇ!” ಎಂದು ಅವಳ ಬೆನ್ನು ತಟ್ಟಿ, ಕೈ ಒರೆಸಿಕೊಂಡು ಎದ್ದು ಡಾಕ್ಟರಮ್ಮನಿಗೆ ಮೆಸೇಜು ಹಾಕಿದೆ. ಸಿಕ್ಕಿತು, ಅದ್ಭುತವಾದ ಮಾತು ಸಿಕ್ಕಿತು ಎಂದು. ಆಕೆ ಕೂಡಲೇ ಚಪ್ಪಾಳೆಯ ಚಿತ್ರಗಳನ್ನು ಕಳಿಸಿದಳು.

ಫೋನು ಕೆಳಗಿಟ್ಟು ತಿರುಗಿದಾಗ ಮಗಳು ಪಾತ್ರೆಯ ಮೇಲೆ ಬಗ್ಗಿ ಕೂತೇ ಇದ್ದಳು. ಆಗ ನನಗೆ ಹೊಳೆಯಿತು. ಈ ಮಾತನ್ನು ಅವಳು ಯೋಚಿಸಿ ಕಟ್ಟಿರಲಿಲ್ಲ. ಕೇಳಿದ ತಕ್ಷಣ ಎತ್ತಿ ಕೊಟ್ಟಿದ್ದಳು, ಡಬ್ಬಿಯಿಂದ ಸಾಸಿವೆ ಎತ್ತಿ ಕೊಡುವ ಹಾಗೆ. ಮುದುರಿಕೊಂಡು ಅಭ್ಯಾಸವಿಲ್ಲದವಳ ಬಾಯಿಗೆ ಅದು ಅಷ್ಟು ಬೇಗ ಬರುವುದಿಲ್ಲ. ನಾನು ಮತ್ತೆ ಪಕ್ಕದಲ್ಲಿ ಕೂತು, ಆದಷ್ಟು ಮೆತ್ತಗೆ, “ನಿಂಗೆ ಯಾವಾಗ ಹಂಗನ್ಸುತ್ತೆ?” ಎಂದೆ. “ಯಾವಾಗ್ಲೋ ಬಿಡು” ಎಂದು ಅವಳು ಸಿಪ್ಪೆಯನ್ನೆಲ್ಲ ಬಾಚಿಕೊಂಡು ಎದ್ದು ಹೋದಳು. ಹೆತ್ತ ಮಗಳ ಸಂಕಟ ಬಾಯಿಬಿಟ್ಟಾಗ ನಾನು ಮೊದಲು ಅದರಲ್ಲಿ ಒಳ್ಳೆಯ ಕನ್ನಡ ಕಂಡು ಕುಣಿದಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಆ ಮಾತು ಎಲ್ಲ ಮಕ್ಕಳಿಗೂ ಹೊಂದಿತು. ಈ ಸಲ ಸಣಕಲು ಹುಡುಗಿ ‘ಖಂಡಿತ ಇಲ್ಲ’ ಎಂದಳು. ಇಬ್ಬರ ಜಾಗದ ಹುಡುಗ ಬಹಳ ಹೊತ್ತು ಕಾಗದ ನೋಡಿ, ಪಕ್ಕದವನಿಗೆ ಕಾಣದಂತೆ ಕೈ ಅಡ್ಡ ಇಟ್ಟುಕೊಂಡು ಗುರುತು ಹಾಕಿದ. ಅವನು ಯಾವುದಕ್ಕೆ ಹಾಕಿದ ಎಂದು ನೋಡಬೇಕಾಗಿರಲಿಲ್ಲ, ಆ ಕೈ ನೋಡಿದರೆ ಸಾಕಿತ್ತು.

ನಿಜವಾದ ಅಳತೆ ತೂಕ ಹೆಚ್ಚಿರುವ ಮಕ್ಕಳಿಗೆ ಮಾತ್ರ, ತಂದೆ ತಾಯಿ ಒಪ್ಪಿ, ಮಗುವೂ ಒಪ್ಪಿದರೆ. ನಾನು ಒಪ್ಪಿದೆ. ಮಗಳೂ ಒಪ್ಪಿದಳು, ಒಂದು ಷರತ್ತು ಹಾಕಿ. “ನೀನು ಆ ರೂಮಲ್ಲಿ ಇರ್ಬಾರ್ದು.” ಹಾಗಾಗಿ ಅವಳ ಗುಂಪಿಗೆ ಡಾಕ್ಟರಮ್ಮನೇ ಓದಿದಳು, ನಾನು ಹೊರಗೆ ಕಾರಿಡಾರಿನಲ್ಲಿ ನಿಂತೆ. ಒಳಗಿನಿಂದ ನನ್ನದೇ ವಾಕ್ಯಗಳು ಆಕೆಯ ಬೆಂಗಳೂರು ಕನ್ನಡದಲ್ಲಿ ಕೇಳಿಸುತ್ತಿದ್ದವು. ಕಾಗದಗಳ ಮೇಲೆ ಹೆಸರಿರಲಿಲ್ಲ, ಇದ್ದಿದ್ದರೂ ನಾನು ಕೇಳುವಂತಿರಲಿಲ್ಲ. ಅಲ್ಲದೆ ಆ ಕಾಗದದಲ್ಲಿ ಎಷ್ಟು ಎಂದು ಹೇಳಲು ಜಾಗವಿತ್ತೇ ಹೊರತು ಯಾರಿಂದ ಎಂದು ಹೇಳಲು ಇರಲಿಲ್ಲ.

ಯಾರಿಂದ ಅನ್ನುವುದನ್ನು ನಾನೇ ಪತ್ತೆ ಹಚ್ಚಲು ಹೊರಟೆ. ನನ್ನ ಸಿಟ್ಟು ಗೊತ್ತಿರುವವರಿಗೆ ಮುಂದೇನಾಯಿತು ಎಂದು ಹೇಳಬೇಕಾಗಿಲ್ಲ. ಅನುಮಾನ ಮೊದಲು ಬಿದ್ದದ್ದು ಪಿ.ಟಿ. ಮೇಷ್ಟರ ಮೇಲೆ. ಮೈದಾನದಲ್ಲಿ ದಪ್ಪ ಮಕ್ಕಳನ್ನು ಇವರೇ ಗೋಳು ಹೊಯ್ದುಕೊಳ್ಳುತ್ತಿರಬೇಕು ಎಂದು ಲೆಕ್ಕ ಹಾಕಿ, ಊಟದ ಬಿಡುವಿನಲ್ಲಿ ಅವರ ಕೋಣೆಗೆ ನುಗ್ಗಿ, ಹಿಂದೆ ಮುಂದೆ ನೋಡದೆ ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವರು ಬಾಯಿಗಿಟ್ಟ ತುತ್ತು ನುಂಗದೆ ಕೇಳಿದರು.

“ನಾನ್ಯಾಕೆ ಅವಳನ್ನ ಆಡಿಕೊಳ್ಳಲಿ ಮೇಡಂ? ಗುಂಡು ಎಸೆಯೋದರಲ್ಲಿ ಅವಳ ಸಮ ಈ ಶಾಲೆಯಲ್ಲಿ ಇನ್ನೊಬ್ಬರಿಲ್ಲ. ತಾಲ್ಲೂಕಿಗೆ ಕಳಿಸೋಣ ಅಂತಿದ್ದೆ. ಅವಳೇ ಬಂದು, ನಮ್ಮಮ್ಮಂಗೆ ಇಷ್ಟ ಆಗಲ್ಲ ಸರ್, ಬೇಡ ಅಂದಳು.”

ಅವಳು ಗುಂಡು ಎಸೆಯುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬೇಡ ಎಂದು ನಾನು ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ. ಆದರೆ ಕೇಳಿದ್ದರೆ? ಚಡ್ಡಿ ಟೀ ಶರ್ಟು ಹಾಕಿಕೊಂಡು, ತಾಲ್ಲೂಕಿನ ಜನವೆಲ್ಲ ಸುತ್ತ ನಿಂತ ಮೈದಾನದ ನಡುವೆ ನನ್ನ ಮಗಳು. ಕಣ್ಣ ಮುಂದೆ ಬಂದ ಆ ಚಿತ್ರವನ್ನು ನಾನು ಅಲ್ಲೇ, ಮೇಷ್ಟರ ಎದುರಿಗೇ, ಒರೆಸಿ ಹಾಕಿದೆ. ಕ್ಷಮಿಸಿ ಎಂದು ಹೇಳಿ ಹೊರಗೆ ಬಂದೆ. ರೈಲಿನಲ್ಲಿ ಅವತ್ತು ಮಗಳ ಎದುರು ಈ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ದಸರೆ ರಜೆ ಬಂತು, ರಜೆಯ ಹಿಂದೆಯೇ ಅಮ್ಮ ಊರಿಂದ ಬಂದಳು. ಅವಳು ಬಂದದ್ದು ಹಳೆಯ ಹರಕೆಯ ಸಲುವಾಗಿ. ಮಗಳು ಇನ್ನೂ ಸರಿಯಾಗಿ ಮಾತು ಬಾರದ ಕೂಸಾಗಿದ್ದಾಗ ಜ್ವರ ಹಿಡಿದು ಚರ್ಮ ಮೂಳೆ ಆಗಿಹೋಗಿದ್ದಳು. ಆಗ ಅಮ್ಮ ಊರ ದೇವಿಗೆ ತುಲಾಭಾರದ ಹರಕೆ ಹೊತ್ತಳು. ಮಗು ಬದುಕಿ ಮೈ ತುಂಬಿಕೊಂಡರೆ ತಕ್ಕಡಿಯಲ್ಲಿ ಕೂರಿಸಿ ಅವಳ ತೂಕದಷ್ಟು ಬೆಲ್ಲ ಹಂಚುತ್ತೇನೆ ಎಂದು. ದೇವಿ ನಡೆಸಿಕೊಟ್ಟಳು, ಕೊಡುವಾಗ ಕೈ ಬಿಗಿ ಹಿಡಿಯಲೂ ಇಲ್ಲ. ತೀರಿಸದೆ ಉಳಿದದ್ದು ನಾವು, ಅಂದರೆ ನಾನು. ಒಂದು ವರ್ಷ ಪರೀಕ್ಷೆ ಎಂದೆ, ಇನ್ನೊಂದು ವರ್ಷ ಸೂತಕ ಎಂದೆ, ಮತ್ತೊಂದು ವರ್ಷ ರಜೆ ಸಿಗಲಿಲ್ಲ ಎಂದೆ. ಹೇಳದೆ ಉಳಿಸಿಕೊಂಡ ಕಾರಣ ಒಂದೇ. ಒಂದು ತಟ್ಟೆಯಲ್ಲಿ ನನ್ನ ಮಗಳು, ಇನ್ನೊಂದು ತಟ್ಟೆಯಲ್ಲಿ ಏರುತ್ತಲೇ ಹೋಗುವ ಬೆಲ್ಲ, ಸುತ್ತ ಊರಿನ ಜನ. ಅದನ್ನು ನಾನು ನೋಡಲಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಮಗಳು ಬಂಗಾರದಂಥವಳು, ಆದರೂ ನಾಲ್ಕು ಜನರ ನಡುವೆ ಅವಳು ಎದ್ದು ನಿಂತರೆ ನನಗೆ ಮೊದಲು ಬರುವುದು ಮುದ್ದಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

“ಅರಕೆ ಬಾಕಿ ಮಡೀಕೊಂಡ್ರೆ ಆ ತಾಯಿ ಸುಮ್ಕಿರ್ತಾಳೇನೇ?” ಎಂದಳು ಅಮ್ಮ, ಚೀಲ ಕೆಳಗಿಡುವ ಮೊದಲೇ. “ಈ ಸಲ ಏನು ನೆಪ ಏಳ್ತೀಯ, ಏಳು.”

ನಾನು ನೆಪಕ್ಕಿಂತ ಜಾಣತನದ ದಾರಿ ಹುಡುಕಿಟ್ಟಿದ್ದೆ. “ನೆಪ ಯಾಕಮ್ಮ? ಇವಳನ್ನ ಇಲ್ಲೇ ಮನೆಯಲ್ಲಿ ತೂಕ ನೋಡೋಣ. ಅಷ್ಟು ಬೆಲ್ಲ ಗುಡಿಗೆ ಕಳಿಸಿದರಾಯ್ತು. ಈಗೆಲ್ಲ ಹಾಗೇ ಮಾಡ್ತಾರೆ.” ಯಾರೂ ಹಾಗೆ ಮಾಡುವುದಿಲ್ಲ. ಆ ಗಳಿಗೆಯಲ್ಲಿ ನಾನೇ ಕಟ್ಟಿದ ಸಂಪ್ರದಾಯ ಅದು.

“ದ್ಯಾವ್ರಿಗೇ ಟೋಪಿ ಆಕ್ತೀಯಾ? ಮಗೀನ ಮೈ ತಕ್ಡೀಲಿ ಕುಂತ್ರೇನೇ ಕಣೇ ಅರಕೆ ತೀರೋದು. ಯಾಕೆ, ಕೂಸು ಕೂತ್ಕಳಲ್ಲ ಅಂತಾಳಾ?”

“ಅವಳಿಗೆ ಬೇಜಾರಾಗುತ್ತೆ ಅಮ್ಮ. ಈಗಿನ ಮಕ್ಕಳು, ನಿನಗೆ ತಿಳಿಯಲ್ಲ.”

ಒಳಗಿನ ಕೋಣೆಯಿಂದ ಮಗಳು ಬಾಗಿಲಿಗೆ ಬಂದು ನಿಂತಳು. ನನ್ನ ಕಡೆ ನೋಡಲಿಲ್ಲ. “ನಾನು ಕೂತ್ಕೋತೀನಿ ಅಜ್ಜಿ. ಬೇಜಾರು ಅಂತ ನಾನು ಯಾವತ್ತೂ ಅಂದಿಲ್ಲ” ಎಂದಳು.

ಊರಿನಲ್ಲಿ ಯಾರಿಗೂ ಹೇಳಬೇಡ, ಬೆಳಿಗ್ಗೆ ಬೇಗ ಮುಗಿಸಿಬಿಡೋಣ ಎಂದು ನಾನು ಅಮ್ಮನಿಂದ ಮಾತು ತೆಗೆದುಕೊಂಡಿದ್ದೆ. ಅಮ್ಮ ಮಾತು ಕೊಟ್ಟು, ಊರಿಗೆಲ್ಲ ಹೇಳಿದ್ದಳು. ನಾವು ಗುಡಿ ಮುಟ್ಟುವ ಹೊತ್ತಿಗೆ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದ ಹೆಂಗಸರು, ಎಳೆಮಕ್ಕಳು, ಮುದುಕಿಯರು, ಎಲ್ಲ ನೆರೆದಿದ್ದರು. ಗುಡಿಯ ಮುಂದಿನ ತೊಲೆಗೆ ದೊಡ್ಡ ತಕ್ಕಡಿ ತೂಗುಹಾಕಿತ್ತು. ಪಕ್ಕದ ಮಂಕರಿಗಳಲ್ಲಿ ಅಚ್ಚು ಬೆಲ್ಲ. ಪೂಜಾರಿ ತಟ್ಟೆಗೆ ಅರಿಶಿನ ಕುಂಕುಮ ಇಟ್ಟು ಕರೆದಾಗ ಮಗಳು ಚಪ್ಪಲಿ ಬಿಟ್ಟು, ಲಂಗ ಒತ್ತಿ ಹಿಡಿದು, ಆರಾಮವಾಗಿ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತಳು. ತಟ್ಟೆ ಧಡ್ಡನೆ ನೆಲ ಮುಟ್ಟಿತು. ಮಕ್ಕಳು ಹೋ ಎಂದವು. ನಾನು ನನ್ನ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಮಗಳು ಮಾತ್ರ ಆ ಮಕ್ಕಳ ಜೊತೆ ತಾನೂ ನಗುತ್ತಿದ್ದಳು.

ಬೆಲ್ಲ ಏರತೊಡಗಿತು. ತಕ್ಕಡಿ ಮಿಸುಕಲಿಲ್ಲ. “ಇನ್ನೂ ಆಕು, ಇನ್ನೂ ಆಕು” ಎಂದು ಅಮ್ಮ ಹರಾಜು ಕೂಗುವವಳ ಹಾಗೆ ಕೂಗುತ್ತಿದ್ದಳು, ಬೆಲ್ಲ ಹೆಚ್ಚಾದಷ್ಟೂ ಅವಳ ಮುಖ ಅರಳುತ್ತಿತ್ತು. “ಎಂಗೆ ಬೊದ್ದುಗೆ ಬೆಳ್ದವ್ಳೆ ನೋಡು ನಮ್ಮ ಕೂಸು, ತಾಯಿ ಕಣ್ಬುಟ್ಲು” ಎಂದು ಒಬ್ಬ ಮುದುಕಿ ಮಗಳ ಗಲ್ಲ ಸವರಿ ನೆಟಿಕೆ ತೆಗೆದಳು. ಮಗಳ ಮುಖದಲ್ಲಿ ಒಂದು ಹೊಳಪಿತ್ತು. ಬೆನ್ನು ನೆಟ್ಟಗೆ, ಭುಜ ಅಗಲ, ಸರಪಳಿ ಹಿಡಿದ ಕೈ ಗಟ್ಟಿ. ಇವಳು ನಿಜವಾಗಲೂ ಗುಂಡು ಎಸೆಯುವವಳೇ ಎಂದು ನನಗೆ ಆಗ ನಂಬಿಕೆ ಬಂತು.

ಅಷ್ಟು ಸಾಲದೇ ನನಗೆ? ಇಲ್ಲ. ಬೇವಿನ ಮರದ ಕೆಳಗೆ ಬೈಕಿನ ಮೇಲೆ ಇಬ್ಬರು ಹುಡುಗರು ಕೂತಿದ್ದರು. ಅವರು ನಕ್ಕರೋ? ಆ ಮೂಲೆಯ ಹೆಂಗಸು ಫೋನು ಎತ್ತಿ ಹಿಡಿದದ್ದು ಫೋಟೊ ತೆಗೆಯಲೋ? ಕಂಬದ ಹತ್ತಿರ ಪಿಸುಗುಟ್ಟಿದವರು ಏನು ಅಂದರು? ನನ್ನ ಕಣ್ಣು ಒಂದು ಮುಖದಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಕಡೆಗೆ ತಡೆಯಲಾಗದೆ ಮುಂದೆ ಹೋಗಿ, ಬೈಕಿನ ಹುಡುಗರಿಗೂ ಮಗಳಿಗೂ ನಡುವೆ ಅಡ್ಡ ನಿಂತು, ಅವಳ ದಾವಣಿಯನ್ನು ಎಳೆದು ಹೊಟ್ಟೆಯ ಮೇಲೆ ಹರಡಿದೆ. ಇಷ್ಟು ಅಗಲದ ಮೈ ಅಡ್ಡ ನಿಲ್ಲಲಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡೆ. ನೋಡನೋಡುತ್ತಿದ್ದಂತೆ ಮಗಳ ನಗು ಆರಿತು. ಭುಜ ಒಳಗೆ ಎಳೆದುಕೊಂಡಳು, ತಲೆ ತಗ್ಗಿಸಿದಳು. ಹುಡುಗರನ್ನು ಅವಳೂ ನೋಡಿಬಿಟ್ಟಳು, ನಾನು ಬರುವುದು ಸ್ವಲ್ಪ ತಡವಾಯಿತು ಎಂದು ನನಗೆ ಅನ್ನಿಸಿತು.

ತಕ್ಕಡಿ ಸಮ ನಿಂತಿತು. ಮಂಗಳಾರತಿ ಆಯಿತು. ಬೆಲ್ಲ ಒಡೆದು ಊರಿಗೆ ಹಂಚಿದರು, ಎಲ್ಲರ ಬಾಯಲ್ಲೂ ಒಂದೊಂದು ಚೂರು.

ಮಧ್ಯಾಹ್ನ ಬಂಗಾರಪೇಟೆಯ ಬಸ್ಸು ಹತ್ತಿದೆವು. ಅಮ್ಮ ಊರಲ್ಲೇ ಉಳಿದಳು. ಮಗಳು ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಇಬ್ಬರೂ ಸೇರಿದರೆ ಆ ಸೀಟಿನಲ್ಲಿ ಮೂರನೆಯವರಿಗೆ ಜಾಗವಿಲ್ಲ. ಬಸ್ಸು ಬೇತಮಂಗಲ ದಾಟಿತು. ಆಮೇಲೆ ಕೇಳಿದೆ.

“ಆ ಬೈಕಿನ ಹುಡುಗರು ಏನಾದ್ರೂ ಅಂದ್ರಾ?”

“ಯಾವ ಬೈಕು?”

“ಬೇವಿನ ಮರದ ಕೆಳಗೆ ಇದ್ರಲ್ಲ.”

“ನಾನು ನೋಡ್ಲಿಲ್ಲ.” ಸುಳ್ಳು ಹೇಳುವಾಗ ಅವಳ ಮೂಗು ಸ್ವಲ್ಪ ಅರಳುತ್ತದೆ. ಈಗ ಅರಳಿರಲಿಲ್ಲ.

“ಮತ್ತೆ ಇದ್ದಕ್ಕಿದ್ದ ಹಾಗೆ ಯಾಕೆ ತಲೆ ತಗ್ಗಿಸಿದೆ? ಚೆನ್ನಾಗಿ ನಗ್ತಾ ಇದ್ದೆಯಲ್ಲ.”

ಹೇಳಲೋ ಬೇಡವೋ ಎಂದು ತೂಗಿ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಹೇಳಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಬಿಡಿಸಲಾಗದ ಲೆಕ್ಕವನ್ನು ಬಿಡಿಸಿ ತೋರಿಸುವವಳ ಹಾಗೆ, ಸಹಜವಾಗಿ, ಗಟ್ಟಿಯಾಗಿಯೇ ಹೇಳಿದಳು.

“ಬೇರೇರು ನನ್ನ ನೋಡಿದ್ರೆ ನಂಗೇನೂ ಅನ್ಸಲ್ಲಮ್ಮ. ಯಾರ್ಯಾರು ನೋಡ್ತಾವ್ರೆ ಅಂತ ನೀನು ಸುತ್ತ ನೋಡ್ತೀಯಲ್ಲ, ಆವಾಗ.”

ಅವಳ ಕೈ ಹಿಡಿದುಕೊಳ್ಳಬೇಕಿತ್ತು. ಏನಾದರೂ ಹೇಳಬೇಕಿತ್ತು. ಅದ್ಯಾವುದನ್ನೂ ನಾನು ಮಾಡಲಿಲ್ಲ. ಅವಳ ಮಾತು ಮುಗಿದದ್ದೇ ನನ್ನ ತಲೆ ತಾನಾಗಿ ತಿರುಗಿತು. ಮುಂದಿನ ಸೀಟಿನ ಹೆಂಗಸರನ್ನು ನೋಡಿದೆ, ಆಚೆ ಬದಿಯ ಮುದುಕನನ್ನು ನೋಡಿದೆ, ಹಿಂದೆ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ್ನು ನೋಡಿದೆ. ಯಾರಿಗಾದರೂ ಕೇಳಿಸಿತೋ ಎಂದು.

ಬಸ್ಸಿನಲ್ಲಿ ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ನಾನು ಈ ಕಡೆ ತಿರುಗಿದಾಗ ಮಗಳೊಬ್ಬಳೇ ನನ್ನನ್ನು ನೋಡುತ್ತಿದ್ದಳು.